ಮಕ್ಕಳ ಕಥೆಯನ್ನು ಪ್ರಕಾಶಕರಿಗೆ ಕಳುಹಿಸುವಾಗ ಚಿತ್ರಗಳನ್ನೂ ಬರೆಸಿ ಕಳುಹಿಸಬೇಕೇ?

ಶಹಾಪುರದವರಾದ ತಾವು ಕೇಳಿರುವುದು ಇಷ್ಟು: ಮಕ್ಕಳ ಕಥೆಯೊಂದು ಸಿದ್ಧವಿದೆ, ತಂಗಿಯ ಮಗಳು ಚಿತ್ರಕಲೆ ಓದುತ್ತಿದ್ದಾಳೆ, ಅವಳಿಂದ ಎಲ್ಲ ಪುಟಗಳಿಗೂ ಚಿತ್ರ ಬರೆಸಿಯೇ ಪ್ರಕಾಶಕರಿಗೆ ಕಳುಹಿಸಬೇಕೇ ಎಂದು. ಬೇಡ ಎಂಬುದು ನನ್ನ ಉತ್ತರ. ಕಲಬುರಗಿಯಲ್ಲಿ ಶಿಕ್ಷಕನಾಗಿದ್ದುಕೊಂಡು ಕೆಲವು ಮಕ್ಕಳ ಪುಸ್ತಕಗಳನ್ನು ಬರೆದಿರುವ ಅನುಭವದಿಂದ ಹೇಳುತ್ತಿದ್ದೇನೆ.

ಚಿತ್ರಪುಸ್ತಕ ತರುವ ಪ್ರಕಾಶಕರು ಸಾಮಾನ್ಯವಾಗಿ ಮೊದಲು ಕಥೆಯನ್ನಷ್ಟೇ ಓದಿ ನಿರ್ಧರಿಸುತ್ತಾರೆ. ಚಿತ್ರಕಾರರನ್ನು ಆರಿಸುವುದು, ಅವರಿಗೆ ಸಂಭಾವನೆ ಕೊಡುವುದು ಪ್ರಕಾಶಕರದೇ ಕೆಲಸ. ಪುಸ್ತಕದ ಅಳತೆ ಗೊತ್ತಾಗುವುದೂ ಆಮೇಲೆಯೇ. ಮುದ್ರಣ 8 ಅಥವಾ 16 ಪುಟಗಳ ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಲೆಕ್ಕದಲ್ಲಿ ನಡೆಯುವುದರಿಂದ ಇಂಥ ಪುಸ್ತಕಗಳು ಹೆಚ್ಚಾಗಿ 16, 24 ಅಥವಾ 32 ಪುಟಗಳಿರುತ್ತವೆ. ಹುಡುಗಿ ಉದ್ದನೆಯ ಹಾಳೆಯಲ್ಲಿ ಇಪ್ಪತ್ತು ಚಿತ್ರ ಬರೆದು ಮುಗಿಸಿದ ಮೇಲೆ ಪ್ರಕಾಶಕರ ಪುಸ್ತಕಮಾಲೆ ಚೌಕಾಕಾರದ್ದೆಂದು ತಿಳಿದರೆ ಆ ಶ್ರಮವೆಲ್ಲ ನೀರಲ್ಲಿ ಹೋಮ. ಕಥೆ ಹಿಡಿಸಿ ಚಿತ್ರ ಹಿಡಿಸದಿದ್ದಾಗ, ಎರಡನ್ನೂ ಬೇರ್ಪಡಿಸಲಾಗದ ಸಂಪಾದಕರು ಒಟ್ಟಿಗೇ ಮರಳಿಸುವ ಅಪಾಯವೂ ಇದೆ.

ಹಾಗೆಂದು ಚಿತ್ರದ ವಿಷಯದಲ್ಲಿ ಲೇಖಕರು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ನನ್ನದೊಂದು ಕಥೆ ಆಳಂದ ಕಡೆಯ ತೊಗರಿ ಹೊಲದಲ್ಲಿ ನಡೆಯುತ್ತದೆ. ಹುಡುಗಿ ಸಾಲುಗಳ ನಡುವೆ ಅಡಗಿ ಕೂಡುವುದೇ ಅದರ ಜೀವ. ನಾನು ಬರೆದದ್ದು ಬರೀ ‘ಹೊಲ’ ಎಂದು. ಅಚ್ಚಾಗಿ ಬಂದ ಪುಸ್ತಕ ತೆರೆದರೆ ನೀರು ನಿಂತ ಭತ್ತದ ಗದ್ದೆ, ಬದುವಿನ ಮೇಲೆ ತೆಂಗಿನ ಮರ, ಮೊಣಕಾಲೆತ್ತರದ ಪೈರಿನ ಹಿಂದೆ ‘ಅಡಗಿರುವ’ ಹುಡುಗಿ! ನಮ್ಮ ಶಾಲೆಯ ಮಕ್ಕಳು ಮೊದಲ ದಿನವೇ ನಕ್ಕರು. ಚಿತ್ರಕಾರರು ಈ ಕಡೆ ಬಂದವರಲ್ಲ, ಅವರ ತಪ್ಪೇನಿಲ್ಲ; ಹೇಳದೆ ಬಿಟ್ಟವನು ನಾನು, ಅಚ್ಚಿಗೆ ಮೊದಲು ನನಗೆ ತೋರಿಸದೆ ಬಿಟ್ಟವರು ಪ್ರಕಾಶಕರು.

ಅಂದಿನಿಂದ ಕಥೆಯ ಕೊನೆಗೆ ಅರ್ಧ ಪುಟದ ಚಿತ್ರಸೂಚನೆ ಸೇರಿಸುತ್ತೇನೆ. ಬೀದರಿನ ಬಿದರಿ ಕೆಲಸಗಾರನ ಕಥೆಗೆ ನಾನು ಬರೆದ ಸೂಚನೆ ಇಷ್ಟೇ: ‘ಹೂಜಿ ಹಿತ್ತಾಳೆಯಂತೆ ಹಳದಿಯಲ್ಲ, ಕಪ್ಪು, ಹೂಬಳ್ಳಿ ಮಾತ್ರ ಬೆಳ್ಳಿ. ಅಚ್ಚಗಪ್ಪು ಬರುವುದು ಕೊನೆಗೆ, ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕಾಯಿಸಿದಾಗ; ಆದ್ದರಿಂದ ಕೆತ್ತುವ ಪುಟದಲ್ಲಿ ಅಚ್ಚಗಪ್ಪು ಬೇಡ.’ ಜೊತೆಗೆ ನಾನೇ ತೆಗೆದ ಎರಡು ಫೋಟೋ. ಆದರೆ ನಾಯಕಿಯ ಲಂಗ ಯಾವ ಬಣ್ಣ, ಬೆಕ್ಕು ಎಲ್ಲಿ ಕೂತಿದೆ ಎಂಬುದನ್ನೆಲ್ಲ ಬರೆಯಬಾರದು. ಅದು ಚಿತ್ರಕಾರರ ಜಾಗ. ಕಥೆಗೆ ಅಗತ್ಯವಿದ್ದೂ ಮಾತಿನಲ್ಲಿ ಬಾರದಿರುವುದನ್ನು ಮಾತ್ರ ಬರೆಯಿರಿ.

ತಂಗಿಯ ಮಗಳ ಚಿತ್ರಗಳೇ ಇರಬೇಕೆಂಬ ಹಂಬಲವಿದ್ದರೆ (ಹೆಸರಾಂತ ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ ಈ ನೆಲದಲ್ಲಿ ಅದು ಸಹಜವೇ) ಇಡೀ ಪುಸ್ತಕ ಬರೆಸದೆ, ಪುಟ ಹಂಚಿಕೆ ತೋರಿಸುವ ಪೆನ್ಸಿಲ್ ಗೆರೆಗಳ ಒಂದು ಕಚ್ಚಾ ಪ್ರತಿ ಮತ್ತು ಬಣ್ಣ ತುಂಬಿದ ಎರಡು ಮೂರು ಮಾದರಿ ಕಳುಹಿಸಿ. ಮಾದರಿಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆಯದೆ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಮೂಲ ಚಿತ್ರ ಕೈಯಲ್ಲೇ ಇಟ್ಟುಕೊಳ್ಳಿ. ಕಥೆಯನ್ನು ಬೇರೆ ಚಿತ್ರಕಾರರಿಗೆ ಕೊಡಲು ತಮ್ಮ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನು ಪತ್ರದಲ್ಲೇ ತಿಳಿಸಿ.

ಒಪ್ಪಂದ ಬಾಯಿಮಾತಿನಲ್ಲಿ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಕಥೆಗೂ ಚಿತ್ರಗಳಿಗೂ ಬೇರೆ ಬೇರೆ ಪತ್ರ ಮಾಡಿಸಿ, ಚಿತ್ರಕಾರರ ಹೆಸರು ಮುಖಪುಟದಲ್ಲಿ ಬರಬೇಕೆಂದು ಕೇಳಿ. ಬಣ್ಣ ತುಂಬುವ ಮೊದಲು ಕಚ್ಚಾ ಚಿತ್ರಗಳನ್ನು ಲೇಖಕರಿಗೆ ಒಮ್ಮೆ ತೋರಿಸಬೇಕೆಂಬ ಒಂದು ಸಾಲನ್ನು ಸೇರಿಸಲು ನಾನು ಈಗ ಮರೆಯುವುದಿಲ್ಲ. ಇಲ್ಲಿಯವರೆಗೆ ಯಾವ ಪ್ರಕಾಶಕರೂ ಅದಕ್ಕೆ ತಕರಾರು ತೆಗೆದಿಲ್ಲ.