ಒಬ್ಬರಿಗೆ ದಂಡ, ಪಕ್ಕದವರಿಗೆ ಬರೀ ಬೈಗುಳ: ಟ್ರಾಫಿಕ್ ಪೊಲೀಸರಿಗೆ ಆ ಅಧಿಕಾರ ಇದೆಯಾ?

ಬೆಂಗಳೂರಿನ ಟೌನ್ ಹಾಲ್ ಸಿಗ್ನಲ್‌ನಲ್ಲಿ ಇಬ್ಬರೂ ಸ್ಟಾಪ್ ಲೈನ್ ದಾಟಿ ನಿಂತಿದ್ದಿರಿ, ನಿಮಗೆ ದಂಡ ಬಿತ್ತು, ಪಕ್ಕದವರನ್ನು ಎರಡು ಮಾತು ಬೈದು ಕಳಿಸಿದರು, ಇದು ಸರಿಯಾ ಅಂತ ಕೇಳಿದ್ದೀರಿ.

ಎಚ್ಚರಿಕೆ ಕೊಟ್ಟು ಬಿಡುವುದರಲ್ಲಿ ತಪ್ಪಿಲ್ಲ. ಎಷ್ಟೋ ಕಡೆ ಹೊಸ ಟಾರು ಹಾಕಿದ ಮೇಲೆ ಬಿಳಿ ಗೆರೆಯನ್ನೇ ಎಳೆದಿರುವುದಿಲ್ಲ. ಹಿಂದಿನಿಂದ ಬಿಎಂಟಿಸಿ ಬಸ್ಸು ಮೈಮೇಲೆ ಬಂದಂತೆ ನಿಂತಿರುತ್ತದೆ. ಆಂಬುಲೆನ್ಸಿಗೆ ದಾರಿ ಬಿಡಲು ನಾಲ್ಕಡಿ ಮುಂದೆ ಹೋಗಿರುತ್ತೀರಿ. ಇದನ್ನೆಲ್ಲ ನೋಡಿ ತೀರ್ಮಾನಿಸಲಿ ಅಂತಲೇ ಅಲ್ಲಿ ಮನುಷ್ಯರನ್ನು ನಿಲ್ಲಿಸಿರುವುದು.

ಆದರೆ ಈ ವಿವೇಚನೆ ದುಡ್ಡಿನ ವಿಷಯಕ್ಕೆ ಬಂದಾಗ ಮುಗಿಯಿತು. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಸ್ಥಳದಲ್ಲಿ ಕಟ್ಟುವ ದಂಡವನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ. ಹೆಲ್ಮೆಟ್ ಇಲ್ಲದಿದ್ದರೆ ಕಾಯ್ದೆಯಲ್ಲಿ ₹1000. ಕರ್ನಾಟಕ 2019ರಲ್ಲಿ ಅದನ್ನು ₹500ಕ್ಕೆ ಇಳಿಸಿತು. ಅದನ್ನು ₹200 ಮಾಡುವ ಅಧಿಕಾರ ರಸ್ತೆಯಲ್ಲಿ ನಿಂತವರಿಗೆ ಯಾರಿಗೂ ಇಲ್ಲ. ‘ಇನ್ನೂರು ಕೊಟ್ಟು ಹೋಗಿ, ರಸೀದಿ ಬೇಡ’ ಅಂದರೆ ಅದು ಲಂಚ. ಜನ ಇಲಾಖೆಯನ್ನು ನಂಬದಿರುವುದು ಇದಕ್ಕೇ ಹೊರತು, ಯಾರನ್ನೋ ಬೈದು ಬಿಟ್ಟಿದ್ದಕ್ಕಲ್ಲ.

ಇನ್ನೊಂದು ಮಾತು. ಭೇದಭಾವ ಅನ್ನಿಸುವುದಕ್ಕೆ ಬಹಳ ಸಲ ಕಾರಣ ಹಳೇ ದಂಡದ ಬಾಕಿ. ಗಾಡಿ ನಂಬರ್ ಹೊಡೆದ ತಕ್ಷಣ ಪೊಲೀಸರ ಕೈಯಲ್ಲಿರುವ ದಂಡದ ಮೆಷಿನ್‌ನಲ್ಲಿ ಹಿಂದಿನ ಕೇಸುಗಳೆಲ್ಲ ಬರುತ್ತವೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನ ಮಾಲೀಕರ ಬಾಕಿಯೂ ನಿಮ್ಮ ಎದುರಿಗೇ ಬರುತ್ತದೆ. ಸಂಚಾರ ಪೊಲೀಸರ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ.

ನಿಲ್ಲಿಸಿದಾಗ ಎಡಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಡಿಜಿಲಾಕರ್‌ನಲ್ಲಿರುವ ಡಿಎಲ್, ಆರ್‌ಸಿ ಸಾಕು. ಗ್ಯಾಲರಿಯಲ್ಲಿರುವ ಫೋಟೋ ನಡೆಯುವುದಿಲ್ಲ. ದಂಡ ವಸೂಲಿ ಮಾಡಬೇಕಾದವರು ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಅಥವಾ ಮೇಲಿನವರು, ಹೆಗಲ ಮೇಲಿನ ಪಟ್ಟಿ ನೋಡಿ. ಮೆಷಿನ್ ತೋರಿಸಿ ಅಂತ ಕೇಳಿ, ಗಾಡಿ ನಂಬರ್, ಜಾಗ, ಸಮಯ, ಮೊತ್ತ ಓದಿಕೊಳ್ಳಿ. ನಂಬರಿನಲ್ಲಿ ಒಂದಕ್ಷರ ತಪ್ಪಿದ್ದರೂ ಅಲ್ಲೇ ಹೇಳಿ. ತಪ್ಪು ಮಾಡಿಲ್ಲ ಅನ್ನುವುದಾದರೆ ಕಟ್ಟಬೇಡಿ, ‘ನೋಟಿಸ್ ಕೊಡಿ, ಕೋರ್ಟಿನಲ್ಲಿ ಹೇಳುತ್ತೇನೆ’ ಅನ್ನಿ. ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ.

ಪೊಲೀಸರು ಗಾಡಿಗೆ ಅಡ್ಡ ಹಾರುವುದು, ಕೀ ಕಿತ್ತುಕೊಳ್ಳುವುದು ಯಾವ ವಿವೇಚನೆಯೂ ಅಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆಂದು ಬೈಕ್ ತಡೆದಾಗ ಕೆಳಗೆ ಬಿದ್ದು ಪುಟ್ಟ ಮಗು ಸತ್ತೇಹೋಯಿತು. ನಿಲ್ಲದೆ ಹೋದರೆ ನಂಬರ್ ಬರೆದುಕೊಂಡರಾಯಿತು, ನೋಟಿಸ್ ಮನೆಗೇ ಹೋಗುತ್ತದೆ. ಐನೂರು ರೂಪಾಯಿಗೆ ಒಂದು ಜೀವ ಪಣಕ್ಕಿಡಬೇಕಾ?

ಕ್ಯಾಮೆರಾದಲ್ಲಿ ಸಿಕ್ಕ ಕೇಸಾದರೆ ಆ ಫೋಟೋ ತರಿಸಿಕೊಂಡು ನೋಡಿ. ಆಂಬುಲೆನ್ಸಿಗೆ ದಾರಿ ಬಿಟ್ಟಿದ್ದಕ್ಕೆ ಬಿದ್ದ ದಂಡವಾಗಿದ್ದರೆ ಕಟ್ಟುವ ಮೊದಲು ದಿನಾಂಕ, ಸಮಯ, ಡ್ಯಾಶ್‌ಕ್ಯಾಮ್ ವಿಡಿಯೋ ಇದ್ದರೆ ಅದನ್ನೂ ತೆಗೆದುಕೊಂಡು ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರದಲ್ಲಿ ಆಕ್ಷೇಪಣೆ ಕೊಡಿ.