ಪ್ರತಿಕ್ರಿಯೆ: ಮೂತ್ರ ಸರಿಯಾಗಿ ಹೋದರೂ ಕಿಡ್ನಿ ಕೆಡಬಹುದೇ?

ಹಿರಿಯೂರಿನಲ್ಲಿರುವ ನಿಮ್ಮ ತಂದೆಗೆ 62 ವರ್ಷ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) 1.9, ಮೂತ್ರ ಚೆನ್ನಾಗಿಯೇ ಹೋಗುತ್ತಿರುವಾಗ ಕಿಡ್ನಿ ಹೇಗೆ ಕೆಟ್ಟೀತು ಎಂದು ಕೇಳಿದ್ದೀರಿ. ದಯವಿಟ್ಟು ಮೂತ್ರದ ಪ್ರಮಾಣ ನೋಡಿ ಸಮಾಧಾನಪಡಬೇಡಿ. ಆರೋಗ್ಯವಂತ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ-ಎರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೇ ಮರಳಿಸುತ್ತವೆ. ಸೋಸುವ ಶಕ್ತಿ ಅರ್ಧಕ್ಕೆ ಕುಸಿದರೂ ಮೂತ್ರ ಎಂದಿನಷ್ಟೇ ಹೋಗಬಹುದು. ಕಶ್ಮಲ ಮಾತ್ರ ಒಳಗೇ ಉಳಿಯುತ್ತದೆ.

ಅವರ ವಯಸ್ಸಿಗೆ 1.9 ಎಂದರೆ ಸೋಸುವ ಶಕ್ತಿಯ ಅಳತೆಯಾದ ಜಿಎಫ್‌ಆರ್ ಸುಮಾರು 39. ವೈಫಲ್ಯ ಎನ್ನುವುದು 15ಕ್ಕಿಂತ ಕೆಳಗಿಳಿದಾಗ. ಡಯಾಲಿಸಿಸ್ ಎಂದು ಈಗಲೇ ಎದೆಗುಂದಬೇಡಿ. ಆದರೆ ಒಂದೇ ವರದಿ ಸಾಲದು: ಈ ವಾರವೇ ವೈದ್ಯರಿಗೆ ತೋರಿಸಿ, ಕ್ರಿಯಾಟಿನಿನ್ ಮತ್ತೆ ನೋಡಿಸಿ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದೂ ಪರೀಕ್ಷಿಸಿ. ಬಿಪಿ, ಸಕ್ಕರೆ ಹೇಗೂ ನೋಡುತ್ತಾರೆ.

ನನಗೆ ಹೆಚ್ಚು ಆತಂಕ ತಂದದ್ದು ನೀವು ಕೊನೆಯಲ್ಲಿ ಬರೆದ ಮಾತು: ಮಂಡಿನೋವಿಗೆ ವರ್ಷಗಳಿಂದ ಅಂಗಡಿಯಿಂದಲೇ ತಂದು ನುಂಗುತ್ತಿರುವ ಡೈಕ್ಲೋಫೆನಾಕ್. ಅದು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ವೈದ್ಯರನ್ನು ಕಾಣುವವರೆಗೆ ಅದನ್ನು ಕೊಡಬೇಡಿ.

ಇನ್ನೊಂದು ಮಾತು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದುರ್ಬಲ ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕಲಾರದು, ಮೂಳೆಗೆ ಸೇರುತ್ತದೆ. ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಿ.