ತರಗತಿಯಲ್ಲಿ ದಡಾರ ಕಾಣಿಸಿಕೊಂಡಾಗ

ಪ್ರಶ್ನೆ: ಮಾನ್ಯ ಡಾಕ್ಟರರೇ, ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಒಂದನೆಯ ತರಗತಿಯಲ್ಲಿ ಓದುವ ನನ್ನ ಮಗಳ ಪಕ್ಕದಲ್ಲಿ ಕೂರುವ ಹುಡುಗಿ ಗುರುವಾರದವರೆಗೆ ಶಾಲೆಗೆ ಬಂದಿದ್ದಳು. ಶನಿವಾರ ಅವಳ ಮೈಮೇಲೆ ಕೆಂಪು ದದ್ದು ಎದ್ದವು. ಆಸ್ಪತ್ರೆಯಲ್ಲಿ ದಡಾರ ಎಂದಿದ್ದಾರೆ. ನನ್ನ ಮಗಳಿಗೆ ಒಂಬತ್ತು ತಿಂಗಳಿನ ಲಸಿಕೆ ಆಗಿದೆ. ಎರಡನೆಯದು, ನಾವು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರಿಂದ ತಪ್ಪಿತು. ಮನೆಯಲ್ಲಿ ಏಳು ತಿಂಗಳ ಮಗನಿದ್ದಾನೆ. ತವರಿಗೆ ಬಂದಿರುವ ನಾದಿನಿ ಐದು ತಿಂಗಳ ಗರ್ಭಿಣಿ. ಅಮ್ಮ ಬಂದರೆ ಸೂಜಿ ಮಾಡಿಸಬಾರದೆಂದು ಅತ್ತೆಯವರು ಹೇಳುತ್ತಾರೆ. ಮಗಳನ್ನು ಶಾಲೆಗೆ ಕಳುಹಿಸಬಹುದೇ?
— ಒಬ್ಬ ತಾಯಿ, ಇಂಡಿ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರ ಕೈಸೇರಿದ ದಿನವೇ ಮುಖ್ಯವಾದುದನ್ನು ದೂರವಾಣಿಯಲ್ಲಿ ತಿಳಿಸಿದ್ದೇನೆ. ಇಂಥ ವಿಷಯದಲ್ಲಿ ಯಾರೂ ಪತ್ರಿಕೆಯ ಉತ್ತರಕ್ಕಾಗಿ ಕಾಯದೆ ಅಂದೇ ಆರೋಗ್ಯ ಕೇಂದ್ರವನ್ನು ಕೇಳಬೇಕು. ಬೇರೆ ಊರುಗಳ ಪಾಲಕರಿಗೂ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ದಿನಗಳನ್ನು ಎಣಿಸೋಣ. ನಮ್ಮ ಕಡೆ ಗೊಬ್ಬರ ಎಂದೂ ಕರೆಯುವ ಈ ರೋಗ, ದದ್ದು ಏಳುವ ನಾಲ್ಕು ದಿನ ಮೊದಲೇ ಇನ್ನೊಬ್ಬರಿಗೆ ಅಂಟತೊಡಗಿ, ದದ್ದು ಎದ್ದ ಮೇಲೂ ನಾಲ್ಕು ದಿನ ಅಂಟುತ್ತದೆ. ಹಾಗಾಗಿ ಆ ಮಗು ಮಂಗಳವಾರದಿಂದ ಗುರುವಾರದವರೆಗೆ ಬರಿಯ ಜ್ವರ, ನೆಗಡಿ, ಕೆಮ್ಮು ಇದ್ದಂತೆ ಕಂಡರೂ ಆಗಲೇ ಅವಳಿಂದ ರೋಗ ಹರಡುತ್ತಿತ್ತು. ರೋಗಿ ಎದ್ದು ಹೋದ ಮೇಲೂ ವೈರಾಣು ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ಆದ್ದರಿಂದ ಪಕ್ಕದಲ್ಲಿ ಕೂತವರನ್ನಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಕಲಿತ, ಬಿಸಿಯೂಟ ಮಾಡಿದ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೋಗನಿರೋಧಕ ಶಕ್ತಿ ಇಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನರಿಗೆ ತಗಲುವಷ್ಟು ಇದು ತೀವ್ರ.

ಒಂಬತ್ತನೆಯ ತಿಂಗಳಲ್ಲಿ ಹಾಕಿದ ಒಂದು ಲಸಿಕೆ 100 ಮಕ್ಕಳಲ್ಲಿ ಸುಮಾರು 85 ಮಕ್ಕಳನ್ನು ಕಾಪಾಡುತ್ತದೆ. ಎರಡೂ ಆದರೆ ಆ ರಕ್ಷಣೆ 97ರ ಹತ್ತಿರಕ್ಕೆ ಏರುತ್ತದೆ. ಸೋಂಕಿತರ ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ರೋಗ ಬಾರದಂತೆ ತಡೆಯುವ ಸಾಧ್ಯತೆ ಇರುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಆ ಅವಧಿ ಮೀರಿದೆ. ಆದರೂ ಎರಡನೆಯ ಲಸಿಕೆಯನ್ನು ಬಿಡಬೇಡಿ, ಅದು ಮುಂದೆ ಕಾಯುತ್ತದೆ. ವಾಡಿಕೆಯ ಲಸಿಕಾ ಕಾರ್ಯಕ್ರಮದಲ್ಲಿ ಇದು ಐದು ವರ್ಷದೊಳಗಿನವರಿಗೆ ಸಿಗುವುದರಿಂದ, ನಿಮ್ಮ ಮಗಳ ವಯಸ್ಸನ್ನು ಹೇಳಿ ವೈದ್ಯಾಧಿಕಾರಿಗಳನ್ನು ಕೇಳಿ. ವಯಸ್ಸು ಮೀರಿದರೆ ಲಸಿಕೆ ನಾಟುವುದಿಲ್ಲ ಎಂಬ ಮಾತು ಸರಿಯಲ್ಲ. ಎರಡನೆಯ ಲಸಿಕೆ ಆಗಿ, ವೈದ್ಯರು ಒಪ್ಪುವವರೆಗೆ ಅವಳನ್ನು ಶಾಲೆಗೆ ಕಳುಹಿಸಬೇಡಿ. ಒಂದೂ ಲಸಿಕೆ ಆಗದ ಮಕ್ಕಳು ಕೊನೆಯ ಸಂಪರ್ಕದಿಂದ 21 ದಿನ ಮನೆಯಲ್ಲಿರುವುದು ಒಳ್ಳೆಯದು.

ಏಳು ತಿಂಗಳ ಮಗುವಿನ ಬಗ್ಗೆ ನಿಮಗಿರುವ ಆತಂಕ ನನಗೂ ಇದೆ. ರೋಗ ಹಬ್ಬಿದ ಪ್ರದೇಶಗಳಲ್ಲಿ ಆರು ತಿಂಗಳು ತುಂಬಿದ ಕೂಸುಗಳಿಗೂ ಹೆಚ್ಚುವರಿ ಲಸಿಕೆ ಹಾಕುವುದುಂಟು. ಅದನ್ನು ಆರೋಗ್ಯ ಇಲಾಖೆ ನಿರ್ಧರಿಸುತ್ತದೆ, ಅದು ಆದರೂ ವಾಡಿಕೆಯ ಎರಡು ಲಸಿಕೆಗಳು ಆಗಲೇಬೇಕು. ಗರ್ಭಿಣಿಗೆ ಮಾತ್ರ ಈ ಲಸಿಕೆ ಕೊಡುವಂತಿಲ್ಲ. ನಿಮ್ಮ ಮಗಳಿಗೆ ಇನ್ನೂ ಯಾವ ಲಕ್ಷಣವೂ ಇಲ್ಲದಿದ್ದರೆ, ನಾದಿನಿಯನ್ನು ಈಗಲೇ ಗಂಡನ ಮನೆಗೆ ಕಳುಹಿಸಿ, 21 ದಿನ ಕಳೆದ ಮೇಲೆ ಕರೆಸಿಕೊಳ್ಳಿ. ಅಷ್ಟರಲ್ಲಿ ಮಗಳಿಗೆ ದದ್ದು ಎದ್ದು, ಅವರು ಅವಳ ಜೊತೆಗೇ ಇದ್ದಿದ್ದರೆ, ಸಂಪರ್ಕವಾದ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ, ರೋಗದ ವಿರುದ್ಧ ಸಿದ್ಧ ರಕ್ಷಣೆ ಕೊಡುವ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಅತ್ತೆಯವರೊಂದಿಗೆ ವಾದಕ್ಕಿಳಿಯಬೇಡಿ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ತಡೆಯುವ ಪದ್ಧತಿ ಈ ರೋಗದಲ್ಲಿ ಬಹಳ ಉಪಯುಕ್ತ, ಅದನ್ನು ಮಾಡಲಿ. ಆದರೆ ಉಡಿ ತುಂಬಲು ಓಣಿಯ ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುವುದು ಬೇಡ, ಮಗುವಿಗೆ ನೀರು, ಹಾಲು, ಊಟ ನಿಲ್ಲಿಸುವುದೂ ಬೇಡ. ದಡಾರದಿಂದ ಮಕ್ಕಳು ಸಾಯುವುದು ಹೆಚ್ಚಾಗಿ ಅದರ ಹಿಂದೆಯೇ ಬರುವ ನ್ಯುಮೋನಿಯಾ ಮತ್ತು ಭೇದಿಯಿಂದ. ಕೆಲವು ಮಕ್ಕಳ ಕಣ್ಣು ಹೋಗುತ್ತದೆ. ಅದಕ್ಕಾಗಿಯೇ ರೋಗ ಬಂದ ಮಗುವಿಗೆ ವೈದ್ಯರು ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಉಸಿರು ಜೋರಾದರೆ, ಮಗು ಏನನ್ನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ ಅಥವಾ ಕಣ್ಣು ಮಂಜಾದರೆ ಒಂದು ಗಳಿಗೆಯೂ ಕಾಯಬೇಡಿ. ಬರಿಯ ಜ್ವರವೋ ದದ್ದೋ ಕಂಡರೆ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ತಿಳಿಸಿಯೇ ಹೊರಡಿ. ಇಲ್ಲವಾದರೆ ಆಸ್ಪತ್ರೆಯ ಸರದಿಯಲ್ಲಿ ಕೂತ ಕೂಸುಗಳಿಗೆ ರೋಗ ದಾಟುತ್ತದೆ.

ಮುಖ್ಯ ಗುರುಗಳು ಎಲ್ಲ ಮಕ್ಕಳ ತಾಯಿ ಕಾರ್ಡ್ ತರಿಸಿ, ಯಾರಿಗೆ ಯಾವ ಲಸಿಕೆ ತಪ್ಪಿದೆ ಎಂಬ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಬೇಕು. ಮೊದಲು ರೋಗ ಬಂದ ಆ ಹುಡುಗಿಯ ಮನೆಯವರನ್ನು ಯಾರೂ ದೂರದಿರಲಿ; ಅವರು ರೋಗವನ್ನು ಮುಚ್ಚಿಡದೆ ಹೇಳಿದ್ದರಿಂದಲೇ ನಿಮಗೆ ದಿನ ಎಣಿಸಲು ಸಾಧ್ಯವಾಯಿತು. ಮುಂದಿನ ಹಂಗಾಮಿನಲ್ಲಿ ಕಬ್ಬಿಗೆ ಹೋಗುವಾಗ ಮಗನ ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳಿ. ಅವನ ಎರಡನೆಯ ಲಸಿಕೆಯ ದಿನ 16ರಿಂದ 24 ತಿಂಗಳ ನಡುವೆ ಬರುತ್ತದೆ, ಮಹಾರಾಷ್ಟ್ರದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಅದನ್ನು ಉಚಿತವಾಗಿ ಹಾಕುತ್ತಾರೆ.